ಹಸಿ ಸೇಬಿಗೆ ಬಾಯಿ ತುರಿಸುತ್ತದೆ, ಬೆಂದ ಸೇಬಿಗೆ ಇಲ್ಲ: ಕಾರಣವೇನು?

ಪ್ರಶ್ನೆ: ನನಗೆ 29 ವರ್ಷ. ಬಹಳ ವರ್ಷಗಳಿಂದ ಮರಗಳು ಹೂ ಬಿಡುವ ಕಾಲಕ್ಕೆ ಸೀನು, ಮೂಗು ಸೋರುವುದು, ಕಣ್ಣುರಿ ಇವೆ. ಬರ್ಚ್ ಮರದ ಪರಾಗದ ಅಲರ್ಜಿ ಎಂದು ಪರೀಕ್ಷೆಯಲ್ಲಿ ತಿಳಿದಿದೆ. ಈಗ ಎರಡು ವರ್ಷದಿಂದ ಹಸಿ ಸೇಬು ಕಚ್ಚಿದ ಒಂದೆರಡು ನಿಮಿಷಕ್ಕೇ ತುಟಿ, ನಾಲಿಗೆ, ಅಂಗುಳ ತುರಿಸುತ್ತವೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ. ಅರ್ಧ ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ಹಸಿ ಕ್ಯಾರೆಟ್‌ಗೂ ಹೀಗೇ. ತೊಳೆದು ಸಿಪ್ಪೆ ತೆಗೆದರೂ ಪೂರ್ತಿ ನಿಲ್ಲುವುದಿಲ್ಲ. ಆದರೆ ಬೇಯಿಸಿದ ಕ್ಯಾರೆಟ್, ಸೇಬಿನ ಜಾಮ್ ಏನೂ ಮಾಡುವುದಿಲ್ಲ. ಇದು ಸಿಪ್ಪೆಗೆ ಹಚ್ಚುವ ಮೇಣದಿಂದಲೋ, ಕೀಟನಾಶಕದಿಂದಲೋ? ಹಣ್ಣುಗಳನ್ನೆಲ್ಲ ಬಿಡಬೇಕೇ? ಜೀವಕ್ಕೆ ಅಪಾಯವಿದೆಯೇ?

ಉತ್ತರ: ಮೇಣವೂ ಅಲ್ಲ, ಕೀಟನಾಶಕವೂ ಅಲ್ಲ. ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ಪರಾಗದ ಅಲರ್ಜಿ ಮೊದಲು ಬಂತು, ಬಾಯಿ ತುರಿಕೆ ವರ್ಷಗಳ ನಂತರ ಶುರುವಾಯಿತು. ಹಸಿಯದು ಕಾಡುತ್ತದೆ, ಬೆಂದದ್ದು ಕಾಡುವುದಿಲ್ಲ. ತೊಂದರೆ ಬಾಯಿ ಗಂಟಲು ದಾಟಿ ಕೆಳಗಿಳಿಯುವುದಿಲ್ಲ, ಬೇಗ ಬಂದು ಬೇಗ ಹೋಗುತ್ತದೆ. ಇದು ಪರಾಗಕ್ಕೆ ಅಂಟಿಕೊಂಡು ಬರುವ ಆಹಾರದ ಅಲರ್ಜಿ. ‘ಓರಲ್ ಅಲರ್ಜಿ ಸಿಂಡ್ರೋಮ್’ ಎಂದು 1987ರಲ್ಲಿ ಇಟ್ಟ ಹೆಸರು ಇಂದಿಗೂ ಬಳಕೆಯಲ್ಲಿದೆ. ಆದರೆ ಬಾಯಿ ತುರಿಸುವ ಎಲ್ಲ ಅಲರ್ಜಿಗಳಿಗೂ ಆ ಹೆಸರನ್ನು ಹಚ್ಚಿಬಿಡುವುದರಿಂದ ತಜ್ಞರು ಈಗ ‘ಪರಾಗ-ಆಹಾರ ಅಲರ್ಜಿ’ ಎಂದು ಬಿಡಿಸಿ ಹೇಳಲು ಇಷ್ಟಪಡುತ್ತಾರೆ. ಔಷಧಿ ಸಿಂಪಡಿಸದೆ ಬೆಳೆದ ಸೇಬು ಕೂಡ ನಿಮಗೆ ಇದೇ ತೊಂದರೆ ಕೊಡುತ್ತದೆ, ಏಕೆಂದರೆ ತೊಂದರೆ ಕೊಡುವ ವಸ್ತು ಸೇಬಿನ ತಿರುಳೊಳಗೇ ಇದೆ.

ಆ ವಸ್ತು ಒಂದು ಪ್ರೋಟೀನ್. ಬರ್ಚ್ ಪರಾಗದಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನಿನ ಹೆಸರು ಬೆಟ್ ವಿ 1. ಅದರ ಜೀನನ್ನು 1989ರಲ್ಲಿ ಬಿಡಿಸಿ ಓದಿದಾಗ, ಬಟಾಣಿ ಗಿಡ ರೋಗವನ್ನು ಎದುರಿಸಲು ಬಳಸುವ ಜೀನಿಗೆ ಅದು ಬಹಳ ಹತ್ತಿರ ಎಂದು ಕಂಡುಬಂತು. ಅಂದರೆ ಇದು ಸಸ್ಯಲೋಕದಲ್ಲಿ ಉದ್ದಕ್ಕೂ ಹರಡಿರುವ ರಕ್ಷಣಾ ಪ್ರೋಟೀನುಗಳ ಒಂದು ಕುಟುಂಬ. ಪಿಆರ್-10 ಎಂಬುದು ಆ ಕುಟುಂಬದ ಹೆಸರು. ಸೇಬಿನಲ್ಲಿ ಇದೇ ಕುಟುಂಬದ ಮಾಲ್ ಡಿ 1 ಇದೆ, ಕ್ಯಾರೆಟ್‌ನಲ್ಲಿ ಡೌ ಸಿ 1, ಹೇಜಲ್‌ನಟ್‌ನಲ್ಲಿ ಕೋರ್ ಎ 1, ಸೋಯಾದಲ್ಲಿ ಗ್ಲೈ ಎಂ 4. ನಿಮ್ಮ ದೇಹ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಕೊಂಡದ್ದು ಪರಾಗದ ವಿರುದ್ಧ. ಆ ಪ್ರತಿಕಾಯ ಬಾಯಿಯ ಒಳಪೊರೆಯಲ್ಲಿರುವ ಮಾಸ್ಟ್ ಕೋಶಗಳ, ಅಂದರೆ ಅಲರ್ಜಿಯ ರಾಸಾಯನಿಕಗಳನ್ನು ತುಂಬಿಕೊಂಡಿರುವ ಕೋಶಗಳ, ಮೇಲೂ ಕೂತಿರುತ್ತದೆ. ಸೇಬಿನ ರಸ ತಾಗಿದಾಗ, ಅಣ್ಣನ ಮೇಲಿನ ಸಿಟ್ಟನ್ನು ಮುಖ ಹೋಲುವ ತಮ್ಮನ ಮೇಲೆ ತೀರಿಸಿಕೊಂಡ ಹಾಗೆ, ಅದು ಸೇಬಿನ ಪ್ರೋಟೀನನ್ನೇ ಹಿಡಿದುಕೊಳ್ಳುತ್ತದೆ. ಕೋಶದೊಳಗಿನ ಸಣ್ಣ ಚೀಲಗಳು ಬಿಚ್ಚಿ ಹಿಸ್ಟಮಿನ್ ಹೊರಬರುತ್ತದೆ. ತುರಿಕೆ, ಚುರುಚುರು, ಸಣ್ಣ ಊತ ಎಲ್ಲವೂ ಅದರದ್ದೇ ಕೆಲಸ.

ಹಾಗಾದರೆ ಬಾಯಿಗಷ್ಟೇ ಏಕೆ? ಪಿಆರ್-10 ಪ್ರೋಟೀನುಗಳು ತುಂಬ ನಾಜೂಕು. ಐಜಿಇ ಗುರುತಿಸುವುದು ಪ್ರೋಟೀನಿನ ಮಡಚಿದ ಆಕಾರವನ್ನು. ಹೊಟ್ಟೆಯ ಆಮ್ಲ ಮತ್ತು ಪೆಪ್ಸಿನ್ ಸೋಕಿದೊಡನೆ ಆ ಮಡಿಕೆ ಬಿಚ್ಚಿಹೋಗುತ್ತದೆ, ರಕ್ತ ಸೇರುವ ಹೊತ್ತಿಗೆ ಪ್ರೋಟೀನಿನ ಗುರುತೇ ಉಳಿದಿರುವುದಿಲ್ಲ. ಒಲೆಯ ಬಿಸಿ ಮಾಡುವುದೂ ಅದನ್ನೇ. ಆದ್ದರಿಂದಲೇ ಜಾಮ್ ನಿಮಗೆ ಒಗ್ಗುತ್ತದೆ.

ಇಂಥ ರೋಗಿ ಬಂದಾಗ ಕೇಳಬೇಕಾದ ಪ್ರಶ್ನೆಗಳಲ್ಲಿ ಅತಿ ಬೆಲೆಯುಳ್ಳದ್ದು ಯಾವ ಹಣ್ಣು ಎನ್ನುವುದಲ್ಲ, ಬೇಯಿಸಿದರೆ ಏನಾಗುತ್ತದೆ ಎನ್ನುವುದು. ಹಣ್ಣಿನ ಪಟ್ಟಿ ಹಿಡಿದು ಕೂತರೆ ದಾರಿ ತಪ್ಪುತ್ತದೆ, ಏಕೆಂದರೆ ಒಂದೇ ಹಣ್ಣಿನೊಳಗೆ ನಿರುಪದ್ರವಿ ಎನ್ನಬಹುದಾದ ಪ್ರೋಟೀನೂ ಇರುತ್ತದೆ, ಅಪಾಯಕಾರಿಯಾದದ್ದೂ ಇರುತ್ತದೆ. ಪೀಚ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಬರ್ಚ್ ಸಂಬಂಧದ ನಾಜೂಕು ಪ್ರೋಟೀನ್ ಪ್ರೂ ಪಿ 1 ಇದೆ. ಜೊತೆಗೆ ಪ್ರೂ ಪಿ 3 ಎಂಬ ಇನ್ನೊಂದಿದೆ, ಅದು ಎಲ್‌ಟಿಪಿ ಎಂಬ ಗುಂಪಿಗೆ ಸೇರಿದ್ದು. ಎಲ್‌ಟಿಪಿ ಚಿಕ್ಕದು, ಬಿಗಿಯಾಗಿ ಹೆಣೆದುಕೊಂಡದ್ದು. ಕುದಿಸಿದರೂ ಹೊಟ್ಟೆಯ ಆಮ್ಲಕ್ಕೆ ಒಡ್ಡಿದರೂ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ, ಸಿಪ್ಪೆಯಲ್ಲಿ ದಟ್ಟವಾಗಿರುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲ ದೇಶಗಳಲ್ಲಿ ಹಣ್ಣಿನಿಂದ ಬರುವ ತೀವ್ರ ಅಲರ್ಜಿಗೆ ಇದು ದೊಡ್ಡ ಕಾರಣ. ಸೈಪ್ರಸ್ ಜಾತಿಯ ಮರಗಳ ಪರಾಗದ ಅಲರ್ಜಿ ಇದ್ದವರಲ್ಲಿ ಕೆಲವರಿಗೆ ಪೀಚ್‌ನ ಮೂರನೆಯ ಪ್ರೋಟೀನ್ ಪ್ರೂ ಪಿ 7 ಮುಳುವಾಗುತ್ತದೆ. ಅದೂ ಬಿಸಿಗೆ ಬಗ್ಗುವುದಲ್ಲ. ಹಾಗಾಗಿ “ಪೀಚ್ ಅಲರ್ಜಿ” ಎಂಬ ಎರಡು ಪದದ ರೋಗನಿರ್ಣಯದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಪೀಚ್ ಜಾಮ್, ಡಬ್ಬಿಯ ಪೀಚ್, ಪೀಚ್ ರಸಕ್ಕೂ ತೊಂದರೆಯಾಗುವವರನ್ನು ನಿಮ್ಮ ಗುಂಪಿಗೆ ಸೇರಿಸಬಾರದು.

ಬೇರೆ ಪರಾಗ, ಬೇರೆ ತರಕಾರಿ

ನಿಮ್ಮದು ಬರ್ಚ್ ಆದ್ದರಿಂದ ಎಚ್ಚರವಿರಬೇಕಾದ್ದು ಸೇಬು, ಪೇರ್, ಪೀಚ್, ಚೆರ್ರಿ, ಪ್ಲಮ್, ಏಪ್ರಿಕಾಟ್, ಬಾದಾಮಿ, ಹೇಜಲ್‌ನಟ್, ಕಿವಿ, ಕ್ಯಾರೆಟ್, ಸೆಲೆರಿ, ಸೋಯಾ ಮತ್ತು ಸ್ವಲ್ಪಮಟ್ಟಿಗೆ ಕಡಲೆಕಾಯಿ. ಆಲ್ಡರ್, ಹೇಜಲ್ ಮರಗಳ ಪರಾಗ ಬರ್ಚ್‌ಗೆ ಹತ್ತಿರದ್ದೇ ಆದ್ದರಿಂದ ಆ ಅಲರ್ಜಿ ಇರುವವರಿಗೂ ಇದೇ ಪಟ್ಟಿ. ರ‍್ಯಾಗ್‌ವೀಡ್ ಕಳೆಯ ಅಲರ್ಜಿ ಇರುವವರಿಗೆ ಕರಬೂಜ, ಕಲ್ಲಂಗಡಿ, ಸೌತೆಕಾಯಿ, ಬಾಳೆಹಣ್ಣು ತುರಿಸುತ್ತವೆ. ಹುಲ್ಲಿನ ಪರಾಗದವರಿಗೆ ಕರಬೂಜ, ಟೊಮೆಟೊ, ಕಿತ್ತಳೆ. ಮಗ್‌ವರ್ಟ್ ಕಳೆಯದು ಸ್ವಲ್ಪ ಗಂಭೀರ ಪ್ರಕರಣ. ಸೆಲೆರಿ, ಕ್ಯಾರೆಟ್ ಜೊತೆಗೆ ಕೊತ್ತಂಬರಿ ಬೀಜ, ಸೋಂಪು, ಸಾಸಿವೆಯಂಥ ಮಸಾಲೆಗಳೂ ಅದರ ಸಾಲಿನಲ್ಲಿವೆ. ಮಸಾಲೆಗಳಲ್ಲಿರುವ ಪ್ರೋಟೀನುಗಳು ಅಡುಗೆಯ ಬಿಸಿಯಲ್ಲಿ ಪೂರ್ತಿ ಸಾಯುತ್ತವೆ ಎಂದು ನಂಬುವಂತಿಲ್ಲ.

ಹುಲ್ಲು ಮತ್ತು ರ‍್ಯಾಗ್‌ವೀಡ್ ಸಾಲಿನಲ್ಲಿ ಹೆಚ್ಚಾಗಿ ಕೆಲಸ ಮಾಡುವುದು ಪ್ರೊಫಿಲಿನ್ ಎಂಬ ಪ್ರೋಟೀನ್. ಇದು ಎಲ್ಲ ಗಿಡಗಳಲ್ಲೂ ಇದೆ. ಆದ್ದರಿಂದ ಪ್ರೊಫಿಲಿನ್‌ಗೆ ಐಜಿಇ ಇರುವವರ ರಕ್ತಪರೀಕ್ಷೆಯಲ್ಲಿ ಹತ್ತಾರು ಹಣ್ಣು ತರಕಾರಿ ಧಾನ್ಯಗಳಿಗೆ ‘ಪಾಸಿಟಿವ್’ ಬರುತ್ತದೆ. ಅವುಗಳಲ್ಲಿ ಹೆಚ್ಚಿನವನ್ನು ಅವರು ದಿನವೂ ಹಾಯಾಗಿ ತಿನ್ನುತ್ತಿರುತ್ತಾರೆ. ಆ ಕಾಗದ ನೋಡಿ ಅನ್ನ ತರಕಾರಿ ಬಿಟ್ಟು ಸೊರಗುವುದು ಅಲರ್ಜಿಗಿಂತ ದೊಡ್ಡ ಹಾನಿ.

ಇಲ್ಲಿ ಹೇಳಿದ ಪಟ್ಟಿಗಳಿಗೂ ಅದೇ ಮಾತು. ಇವು ಯಾವುದರಿಂದ ತೊಂದರೆ ಬರಬಹುದು ಎಂಬ ಸುಳಿವು ಮಾತ್ರ, ಬಿಡಬೇಕಾದವುಗಳ ಪಟ್ಟಿಯಲ್ಲ. ನಿಮಗೆ ಪೇರ್, ಚೆರ್ರಿ ಇವತ್ತಿನವರೆಗೂ ಒಗ್ಗುತ್ತಿದ್ದರೆ ತಿನ್ನುತ್ತಲೇ ಇರಿ.

ಪರಾಗದ ಸಂಬಂಧವೇ ಇಲ್ಲದೆ ಹಣ್ಣಿಗೆ ತುರಿಸುವ ಇನ್ನೊಂದು ಗುಂಪಿದೆ: ರಬ್ಬರ್ ಹಾಲಿನ ಕೈಗವಸು, ಬಲೂನುಗಳಿಗೆ ಅಲರ್ಜಿ ಇರುವವರು. ಅವರಿಗೆ ಬಾಳೆ, ಬೆಣ್ಣೆಹಣ್ಣು, ಕಿವಿ, ಚೆಸ್ಟ್‌ನಟ್ ಆಗುವುದಿಲ್ಲ, ಪ್ರತಿಕ್ರಿಯೆ ತೀವ್ರವಾಗುವುದೂ ಹೆಚ್ಚು. ಈ ಹಣ್ಣುಗಳೇ ಕಾಡುತ್ತಿದ್ದರೆ ಹಲ್ಲಿನ ಚಿಕಿತ್ಸೆಗೋ ಶಸ್ತ್ರಚಿಕಿತ್ಸೆಗೋ ಹೋಗುವ ಮೊದಲು ವೈದ್ಯರಿಗೆ ಹೇಳಿ.

ಅಪಾಯ ಎಷ್ಟು?

ಬಾಯಿ ತುರಿಕೆಗೇ ನಿಲ್ಲುವವರು ಬಹುಪಾಲು. ಇಡೀ ದೇಹಕ್ಕೆ ಹರಡುವ, ರಕ್ತದೊತ್ತಡ ಕುಸಿಯುವಂಥ ಪ್ರತಿಕ್ರಿಯೆ ನೂರರಲ್ಲಿ ಒಂದಿಬ್ಬರಿಗೆ ಆಗುವಂಥದ್ದು. ಕಡಿಮೆ, ನಿಜ. ಆದರೆ ಅದು ಬರುವುದು ಯಾದೃಚ್ಛಿಕವಾಗಿ ಅಲ್ಲ. ಅದನ್ನು ಕರೆತರುವ ಸಂದರ್ಭಗಳು ಬಹುಮಟ್ಟಿಗೆ ಗೊತ್ತಿವೆ.

ಮೊದಲನೆಯದು ಪ್ರಮಾಣ ಮತ್ತು ವೇಗ. ಸೇಬನ್ನು ಕಚ್ಚಿ ತಿನ್ನುವಾಗ ನಾಲ್ಕನೇ ತುತ್ತಿಗೆ ಬಾಯಿಯೇ ಬೇಡ ಎನ್ನುತ್ತದೆ. ಅದೇ ಎರಡು ಸೇಬು, ಎರಡು ಕ್ಯಾರೆಟ್, ಒಂದು ತುಂಡು ಸೆಲೆರಿ ಅರೆದ ಸ್ಮೂದಿಯನ್ನು ಗಟಗಟ ಕುಡಿದರೆ ಆ ಎಚ್ಚರಿಕೆಗೆ ಸಮಯವೇ ಸಿಗದು. ಒಮ್ಮೆಲೇ ಅಷ್ಟು ಪ್ರೋಟೀನ್ ಬಂದಾಗ ಹೊಟ್ಟೆಗೆ ಅದನ್ನು ಮುರಿದು ಮುಗಿಸಲೂ ಆಗುವುದಿಲ್ಲ. ಸೋಯಾ ಹಾಲು, ಸೋಯಾ ಪ್ರೋಟೀನ್ ಪುಡಿಯ ಪೇಯಗಳು ಇದೇ ಕಾರಣಕ್ಕೆ ಬರ್ಚ್ ಅಲರ್ಜಿಯವರಿಗೆ ಕುಖ್ಯಾತ. ಮೊದಲ ಬಾರಿ ಒಂದು ಲೋಟ ಕುಡಿದಾಗಲೇ ಮುಖ ಊದಿ ಉಸಿರು ಕಟ್ಟಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಹೆಚ್ಚು ಸಂಸ್ಕರಿಸಿದ, ಹುದುಗಿಸಿದ ಸೋಯಾದಲ್ಲಿ ಗ್ಲೈ ಎಂ 4 ಬಹಳ ಕಡಿಮೆ. ಸೋಯಾ ಸಾಸ್ ಸಾಮಾನ್ಯವಾಗಿ ತೊಂದರೆ ಕೊಡದಿರುವುದು ಇದರಿಂದಲೇ.

ಎರಡನೆಯದು ಆಮ್ಲ ತಗ್ಗಿಸುವ ಮಾತ್ರೆಗಳು. ಎದೆಯುರಿಗೆ ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವನ್ನು ದಿನವೂ ನುಂಗುವವರ ಹೊಟ್ಟೆ ಪ್ರೋಟೀನನ್ನು ಮುರಿಯುವ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಇಂಥವರಲ್ಲಿ ಬಾಯಿಗಷ್ಟೇ ಇದ್ದ ತೊಂದರೆ ಕೆಳಗಿಳಿಯಬಹುದು. ಇದನ್ನು ವೈದ್ಯರಿಗೆ ಹೇಳಲು ಬಹಳ ಜನ ಮರೆಯುತ್ತಾರೆ, ಏಕೆಂದರೆ ಹೊಟ್ಟೆಯ ಮಾತ್ರೆಗೂ ಬಾಯಿಯ ತುರಿಕೆಗೂ ನಂಟು ಇದೆ ಎಂದು ಹೊಳೆಯುವುದೇ ಇಲ್ಲ.

ತಿಂದ ಬೆನ್ನಿಗೇ ಓಟ, ವ್ಯಾಯಾಮ, ಜೊತೆಗೆ ಮದ್ಯ, ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಜ್ವರ, ಖಾಲಿ ಹೊಟ್ಟೆ. ಇವು ಒಂದೊಂದೂ ಪ್ರತಿಕ್ರಿಯೆಯ ಹೊಸ್ತಿಲನ್ನು ತಗ್ಗಿಸುತ್ತವೆ. ಪರಾಗ ಹಾರುವ ತಿಂಗಳುಗಳಲ್ಲಿ ದೇಹ ಮೊದಲೇ ಕೆರಳಿರುವುದರಿಂದ, ಉಳಿದ ಕಾಲದಲ್ಲಿ ಒಗ್ಗುವ ಹಣ್ಣೂ ಆಗ ತುರಿಸಬಹುದು.

ಕೆಳಗಿನ ಯಾವುದೇ ಒಂದು ಆಗಿದ್ದರೂ ನಿಮ್ಮದನ್ನು ‘ಬರೀ ಬಾಯಿ ತುರಿಕೆ’ ಎಂದು ಬದಿಗಿಡಬಾರದು: ಮೈ ಮೇಲೆ ದದ್ದು ಎದ್ದದ್ದು, ವಾಂತಿ ಅಥವಾ ಹೊಟ್ಟೆ ಹಿಂಡಿದ್ದು, ದನಿ ಒಡೆದದ್ದು, ನುಂಗಲು ನಿಜಕ್ಕೂ ಆಗದಿದ್ದದ್ದು, ಉಬ್ಬಸ, ತಲೆ ತಿರುಗಿದ್ದು, ಬೇಯಿಸಿದ ಆಹಾರಕ್ಕೂ ತೊಂದರೆ ಬಂದದ್ದು, ಕಡಲೆಕಾಯಿ, ಬಾದಾಮಿ, ಹೇಜಲ್‌ನಟ್‌ನಂಥ ಬೀಜಗಳಿಗೆ ತುರಿಸಿದ್ದು. ಬೀಜಗಳನ್ನು ಬೇರೆಯಾಗಿ ಹೇಳಲು ಕಾರಣವಿದೆ. ಅವುಗಳಲ್ಲಿ ಬರ್ಚ್ ಸಂಬಂಧದ ಮೆದು ಪ್ರೋಟೀನೂ ಇದೆ, ಬೀಜ ತನ್ನ ಮೊಳಕೆಗೆಂದು ಕೂಡಿಟ್ಟ, ಜೀವ ತೆಗೆಯಬಲ್ಲ ಶೇಖರಣಾ ಪ್ರೋಟೀನೂ ಇದೆ, ಮೊದಲ ನಿಮಿಷದ ತುರಿಕೆ ಎರಡರಲ್ಲೂ ಒಂದೇ ತರಹ.

ಯಾವ ಪರೀಕ್ಷೆ ಮಾಡಿಸಬೇಕು?

ಹಸಿ ಸೇಬು, ಹಸಿ ಕ್ಯಾರೆಟ್ ಮಾತ್ರ, ಬಾಯಿಗೆ ಮಾತ್ರ, ಪರಾಗದ ಅಲರ್ಜಿ ಖಚಿತ ಎಂಬಷ್ಟರ ಮಟ್ಟಿಗೆ ಇದ್ದರೆ ಹೆಚ್ಚಿನ ಪರೀಕ್ಷೆ ಬೇಕೇ ಬೇಕೆಂದಿಲ್ಲ. ಬೇಕೆನಿಸಿದರೆ ಚರ್ಮದ ಚುಚ್ಚು ಪರೀಕ್ಷೆಯನ್ನು ತಾಜಾ ಹಣ್ಣಿನಿಂದಲೇ ಮಾಡಿಸಿ. ಸೂಜಿಯನ್ನು ಮೊದಲು ಹಣ್ಣಿಗೆ, ತಕ್ಷಣ ಅದೇ ಸೂಜಿಯನ್ನು ನಿಮ್ಮ ಮುಂಗೈಗೆ ಚುಚ್ಚುತ್ತಾರೆ. ಸೀಸೆಯಲ್ಲಿ ಬರುವ ಸಿದ್ಧ ದ್ರಾವಣಗಳಲ್ಲಿ ಈ ನಾಜೂಕು ಪ್ರೋಟೀನು ತಯಾರಿಕೆಯ ಹಂತದಲ್ಲೇ ಹಾಳಾಗಿರುತ್ತದೆ, ಹಾಗಾಗಿ ಅಲರ್ಜಿ ಇದ್ದರೂ ಪರೀಕ್ಷೆ ‘ನೆಗೆಟಿವ್’ ಎಂದು ಸುಳ್ಳು ಹೇಳುತ್ತದೆ. 15ರಿಂದ 20 ನಿಮಿಷಕ್ಕೆ ನೋಡಿದಾಗ, ಬರೀ ಉಪ್ಪುನೀರು ಚುಚ್ಚಿದ ಜಾಗಕ್ಕಿಂತ ಗುಳ್ಳೆ 3 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡದಿದ್ದರೆ ಪಾಸಿಟಿವ್. ಅದಕ್ಕೆ ಐದಾರು ದಿನ ಮೊದಲೇ ಆಂಟಿಹಿಸ್ಟಮಿನ್, ಅಂದರೆ ಹಿಸ್ಟಮಿನ್ ತಡೆಯುವ ಅಲರ್ಜಿಯ ಮಾತ್ರೆ, ನಿಲ್ಲಿಸಬೇಕು. ಎಷ್ಟು ದಿನ ಎನ್ನುವುದು ಮಾತ್ರೆಯ ಮೇಲೆ ನಿಂತಿದೆ, ಸಮಯ ಗೊತ್ತುಮಾಡುವಾಗಲೇ ಕೇಳಿಕೊಳ್ಳಿ.

ಮೇಲೆ ಹೇಳಿದ ಎಚ್ಚರಿಕೆಯ ಚಿಹ್ನೆ ಏನಾದರೂ ಇದ್ದವರಿಗೆ ರಕ್ತದಲ್ಲಿ ಒಂದೊಂದು ಪ್ರೋಟೀನಿಗೆ ಬೇರೆ ಬೇರೆಯಾಗಿ ಐಜಿಇ ಅಳೆಯುವ ಪರೀಕ್ಷೆ ನಿಜಕ್ಕೂ ಉಪಯೋಗ. ಕಡಲೆಕಾಯಿಯಲ್ಲಿ ಅರಾ ಎಚ್ 8 ಮಾತ್ರ ಪಾಸಿಟಿವ್ ಆದರೆ ಅದು ಬರ್ಚ್‌ನ ನೆರಳು, ಸಾಮಾನ್ಯವಾಗಿ ಸೌಮ್ಯ. ಅರಾ ಎಚ್ 2 ಪಾಸಿಟಿವ್ ಆದರೆ ಕಥೆಯೇ ಬೇರೆ. ಪೀಚ್‌ಗೆ ಪ್ರೂ ಪಿ 1ರ ಜೊತೆ ಪ್ರೂ ಪಿ 3ನ್ನೂ ಕೇಳಿ. ಇನ್ನೂರು ಮುನ್ನೂರು ಆಹಾರಗಳ ‘ಐಜಿಜಿ’ ಪ್ಯಾನೆಲ್ ಎಂದು ಮಾರುವುದಿದೆ, ಅದಕ್ಕೆ ಹಣ ಹಾಕಬೇಡಿ. ಐಜಿಜಿ ಎಂಬುದು ಐಜಿಇಯಲ್ಲ, ಬೇರೊಂದು ಪ್ರತಿಕಾಯ; ಅದು ಇರುವುದು ನೀವು ಆ ಆಹಾರ ತಿಂದಿದ್ದೀರಿ ಎನ್ನುವುದರ ಗುರುತೇ ಹೊರತು ಅಲರ್ಜಿಯ ಗುರುತಲ್ಲ.

ಅಡುಗೆಮನೆಯಲ್ಲಿ

ಸೇಬನ್ನು ತೆಳುವಾಗಿ ಹೆಚ್ಚಿ ಮೈಕ್ರೋವೇವ್‌ನಲ್ಲಿಡಿ. ಹೆಚ್ಚಿನವರಿಗೆ ಒಂದು ನಿಮಿಷದ ಒಳಗೇ ಸಾಕಾಗುತ್ತದೆ. ಗಡಿಯಾರಕ್ಕಿಂತ ಮುಖ್ಯವಾದದ್ದು ಹೋಳಿನ ನಡುವಿನವರೆಗೂ ಬಿಸಿ ತಲುಪಿ ಹಬೆಯಾಡುವುದು. ಆಮೇಲೆ ತಣ್ಣಗೆ ಮಾಡಿ ತಿನ್ನಿ. ತುರಿಕೆ ಇನ್ನೂ ಉಳಿದಿದ್ದರೆ ತಪ್ಪು ಸಾಮಾನ್ಯವಾಗಿ ಹೋಳು ದಪ್ಪಗಾದದ್ದು. ಹಬೆಯಲ್ಲಿ ಬೇಯಿಸಿದ ಕ್ಯಾರೆಟ್, ಡಬ್ಬಿಯ ಹಣ್ಣು, ಪಾಶ್ಚರೀಕರಿಸಿದ ರಸ ಬಹುತೇಕ ಒಗ್ಗುತ್ತವೆ. ಫ್ರೀಜರಿನಲ್ಲಿಡುವುದರಿಂದ ಏನೂ ಆಗದು, ಹಿಮಗಟ್ಟಿದ ಚೆರ್ರಿ ಕರಗಿದಾಗ ಹಸಿ ಚೆರ್ರಿಯೇ. ಕಡಿಮೆ ಉಷ್ಣದಲ್ಲಿ ಒಣಗಿಸಿದ ಹಣ್ಣನ್ನೂ ಬೆಂದದ್ದು ಎಂದು ತಿಳಿಯಬೇಡಿ. ಸೆಲೆರಿ ಈ ನಿಯಮಕ್ಕೆ ಸಿಗದ ತರಕಾರಿ. ಬೇಯಿಸಿದ ಸೆಲೆರಿಗೂ ಕೆಲವರು ಪ್ರತಿಕ್ರಿಯಿಸುತ್ತಾರೆ, ಒಣಗಿಸಿದ ಅದರ ಪುಡಿಯಲ್ಲೂ ಅಲರ್ಜಿ ಶಕ್ತಿ ಉಳಿದಿರುತ್ತದೆ, ಮತ್ತು ಆ ಪುಡಿ ಸಿದ್ಧ ಸೂಪು, ಮಸಾಲೆ ಮಿಶ್ರಣಗಳಲ್ಲಿ ಅಡಗಿರುತ್ತದೆ. ಹುರಿದ ಹೇಜಲ್‌ನಟ್‌ಗೂ ಕೆಲವರಿಗೆ ಹೀಗಾಗುತ್ತದೆ.

ಸಿಪ್ಪೆ ತೆಗೆದರೆ ಸ್ವಲ್ಪ ಅನುಕೂಲ, ಪರಿಹಾರವಲ್ಲ. ತಳಿ ಬದಲಿಸುವುದು ಹೆಚ್ಚು ಫಲ ಕೊಡುತ್ತದೆ: ಗೋಲ್ಡನ್ ಡಿಲಿಷಸ್, ಗ್ರ್ಯಾನಿ ಸ್ಮಿತ್‌ಗಳಲ್ಲಿ ಮಾಲ್ ಡಿ 1 ಹೆಚ್ಚು, ಸಂಟಾನಾ ಎಂಬ ತಳಿ ಹಲವರಿಗೆ ಒಗ್ಗುವಷ್ಟು ಮೃದು. ತಿಂಗಳುಗಟ್ಟಲೆ ಶೀತಲಗೃಹದಲ್ಲಿಟ್ಟ ಸೇಬಿನಲ್ಲಿ ಈ ಪ್ರೋಟೀನು ಏರುವುದರಿಂದ, ಆಗಷ್ಟೇ ಕೊಯ್ದದ್ದು ವಾಸಿ. ತುರಿದು ಕಂದು ಬಣ್ಣ ಬರುವವರೆಗೆ ಬಿಟ್ಟ ಸೇಬೂ ಹಲವರಿಗೆ ಕಡಿಮೆ ತುರಿಸುತ್ತದೆ. ಹಣ್ಣಿನ ಪಾಲಿಫಿನಾಲುಗಳು ಗಾಳಿಗೆ ಬದಲಾಗಿ ಪ್ರೋಟೀನಿಗೆ ಅಂಟಿಕೊಂಡು ಅದರ ಆಕಾರ ಕೆಡಿಸುವುದೇ ಕಾರಣ. ಕಂದಾಗದಿರಲೆಂದು ನಿಂಬೆರಸ ಹಿಂಡಿದರೆ ಈ ಲಾಭ ಹೋಗುತ್ತದೆ.

ಎಕ್ಸಿಮಾ ಇರುವವರಿಗೊಂದು ಮಾತು. ಬೇಯಿಸಿದಾಗ ಐಜಿಇ ಗುರುತಿಸುವ ಆಕಾರ ಹೋಗುತ್ತದೆ, ಆದರೆ ದೇಹದ ರಕ್ಷಣಾ ಪಡೆಯ ಇನ್ನೊಂದು ಭಾಗವಾದ ಟಿ ಕೋಶಗಳು ನೋಡುವುದು ಪ್ರೋಟೀನಿನ ತುಂಡುಗಳನ್ನು, ಅವು ಉಳಿದಿರುತ್ತವೆ. ಬರ್ಚ್ ಅಲರ್ಜಿ ಮತ್ತು ಎಕ್ಸಿಮಾ ಎರಡೂ ಇರುವ ಕೆಲವರಿಗೆ ಬೆಂದ ಸೇಬು, ಕ್ಯಾರೆಟ್ ತಿಂದ ಮರುದಿನ ಚರ್ಮ ಕೆರಳಬಹುದು. ಬಾಯಲ್ಲಿ ಏನೂ ಆಗದ ಕಾರಣ ಇದರ ಮೇಲೆ ಸಂಶಯವೇ ಬರುವುದಿಲ್ಲ.

ಹಸಿ ಸೇಬು ತಿನ್ನುವ ಆಸೆಗೆ ಮೊದಲೇ ಆಂಟಿಹಿಸ್ಟಮಿನ್ ನುಂಗಿ ಕೂರಬೇಡಿ. ಮಾತ್ರೆ ತುರಿಕೆಯನ್ನು ಮುಚ್ಚುತ್ತದೆ, ತೀವ್ರ ಪ್ರತಿಕ್ರಿಯೆಯನ್ನು ತಡೆಯುವುದಿಲ್ಲ. ನಿಲ್ಲಿಸು ಎನ್ನುತ್ತಿದ್ದ ನಾಲಿಗೆಯ ಬಾಯಿ ಮುಚ್ಚಿಸಿ ಮೂರು ಸೇಬು ತಿಂದಂತಾಗುತ್ತದೆ ಅಷ್ಟೇ.

ತುರಿಕೆ ಶುರುವಾದಾಗ

ಬಾಯಲ್ಲಿರುವುದನ್ನು ಉಗಿದು, ನೀರಿನಿಂದ ಮುಕ್ಕಳಿಸಿ, ಆ ಹೊತ್ತಿಗೆ ಅದನ್ನು ಮತ್ತೆ ಮುಟ್ಟಬೇಡಿ. ಸಾಮಾನ್ಯವಾಗಿ ಇಷ್ಟೇ ಸಾಕು. ತುರಿಕೆ ಸಹಿಸಲಾಗದಿದ್ದರೆ ದೊಡ್ಡವರು ಸೆಟಿರಿಜಿನ್ 10 ಮಿಲಿಗ್ರಾಂನ ಒಂದು ಮಾತ್ರೆ ತೆಗೆದುಕೊಳ್ಳಬಹುದು. ಮುಂದಿನ ಒಂದು ಗಂಟೆ ಓಟ, ವ್ಯಾಯಾಮ ಬೇಡ, ಒಬ್ಬರೇ ಇರಬೇಡಿ.

ದನಿ ಬದಲಾದರೆ, ಉಸಿರು ಕಷ್ಟವಾದರೆ, ಕಣ್ಣು ಕತ್ತಲೆ ಬಂದರೆ, ಅಥವಾ ಮೈಯೆಲ್ಲ ದದ್ದೆದ್ದು ವಾಂತಿಯೂ ಆದರೆ ಮದ್ದು ಒಂದೇ, ಅಡ್ರಿನಲಿನ್. ತೊಡೆಯ ಹೊರಬದಿಯ ಸ್ನಾಯುವಿಗೆ, ಕಿಲೋ ತೂಕಕ್ಕೆ 0.01 ಮಿಲಿಗ್ರಾಂ ಲೆಕ್ಕದಲ್ಲಿ, ದೊಡ್ಡವರಿಗೆ ಹೆಚ್ಚೆಂದರೆ 0.5 ಮಿಲಿಗ್ರಾಂ. ದೊಡ್ಡವರಿಗೆ ಬರೆದುಕೊಡುವ, ತಾವೇ ಚುಚ್ಚಿಕೊಳ್ಳಬಹುದಾದ ಅಡ್ರಿನಲಿನ್ ಪೆನ್ನಿನಲ್ಲಿ ಸಾಮಾನ್ಯವಾಗಿ 0.3 ಮಿಲಿಗ್ರಾಂ ಇರುತ್ತದೆ, ಬಟ್ಟೆಯ ಮೇಲಿಂದಲೇ ಚುಚ್ಚಬಹುದು. ಮಲಗಿಸಿ ಕಾಲೆತ್ತಿಡಿ, ಉಸಿರಿಗೆ ಕಷ್ಟವಿದ್ದರೆ ಕೂರಿಸಿ, ಏಕಾಏಕಿ ಎದ್ದು ನಡೆಯಲು ಬಿಡಬೇಡಿ. ಆಂಬ್ಯುಲೆನ್ಸ್ ಕರೆಯಿರಿ. ಐದು ನಿಮಿಷಕ್ಕೂ ಸುಧಾರಿಸದಿದ್ದರೆ ಇನ್ನೊಂದು ಚುಚ್ಚು. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಕೆಲವು ಗಂಟೆ ಬಿಟ್ಟು ಎರಡನೇ ಅಲೆ ಬರುವುದುಂಟು. ನಿಮ್ಮ ಈಗಿನ ಲಕ್ಷಣಗಳಿಗೆ ಈ ಪೆನ್ನು ಜೊತೆಗಿಟ್ಟುಕೊಳ್ಳುವ ಅಗತ್ಯ ಕಾಣುವುದಿಲ್ಲ. ಮೇಲಿನ ಎಚ್ಚರಿಕೆಯ ಚಿಹ್ನೆ ಒಮ್ಮೆಯಾದರೂ ಕಂಡರೆ ಕೇಳಿ ಬರೆಸಿಕೊಳ್ಳಿ.

ಬರ್ಚ್ ಪರಾಗದ ಇಮ್ಯುನೊಥೆರಪಿ, ಅಂದರೆ ಮೂರು ವರ್ಷ ಅಥವಾ ಹೆಚ್ಚು ಕಾಲ ಚುಚ್ಚುಮದ್ದು ಇಲ್ಲವೇ ನಾಲಿಗೆಯಡಿಯ ಮಾತ್ರೆ, ನಿಮ್ಮ ಸೀನು ಕಣ್ಣುರಿಗೆ ಒಳ್ಳೆಯ ಚಿಕಿತ್ಸೆ. ಸೇಬಿನ ತುರಿಕೆ ಅದರಿಂದ ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಇಲ್ಲ. ಮೂಗಿನ ಸಲುವಾಗಿ ಅದನ್ನು ತೆಗೆದುಕೊಳ್ಳುವುದಾದರೆ ಸರಿ, ಸೇಬಿಗಾಗಿಯೇ ಶುರುಮಾಡುವುದು ನನ್ನ ಮಟ್ಟಿಗೆ ಲೆಕ್ಕ ಕೂಡದ ವ್ಯವಹಾರ. ವೈದ್ಯರನ್ನು ನೋಡಲು ಹೋಗುವಾಗ ಈ ಚೀಟಿ ಬರೆದುಕೊಂಡು ಹೋಗಿ: ಯಾವ ಆಹಾರ, ಹಸಿಯೋ ಬೆಂದದ್ದೋ, ಎಷ್ಟು ತಿಂದಿರಿ, ಎಷ್ಟು ನಿಮಿಷಕ್ಕೆ ಶುರುವಾಯಿತು, ಎಲ್ಲೆಲ್ಲಿ, ಎಷ್ಟು ಹೊತ್ತು ಇತ್ತು, ಯಾವ ತಿಂಗಳು, ಆ ದಿನ ವ್ಯಾಯಾಮ, ಮದ್ಯ, ನೋವಿನ ಮಾತ್ರೆ, ಎದೆಯುರಿಯ ಮಾತ್ರೆ ಏನಾದರೂ ಇತ್ತೇ. ಹಸಿ ಸೇಬಿಗೆ ತುರಿಸಿದ ಮೇಲೂ ಇಲ್ಲಿಯವರೆಗೆ ಒಗ್ಗುತ್ತಿರುವ ಹಣ್ಣು, ಬೀಜಗಳ ಹೆಸರನ್ನೂ ಅದರಲ್ಲಿ ಸೇರಿಸಿ.